ಒಂಬತ್ತು ದಿನದ ವೇಳಾಪಟ್ಟಿ, ಮಳೆಗೆ ಎದ್ದ ಟೈಲ್ಸ್: ನೆಲಹಾಸು ಗುತ್ತಿಗೆದಾರರಿಗೆ ದೂರು ಪತ್ರ

ಗೆ,
ವ್ಯವಸ್ಥಾಪಕರು,
ಟೈಲ್ಸ್ ಮಾರಾಟ ಮತ್ತು ನೆಲಹಾಸು ಗುತ್ತಿಗೆ ಸಂಸ್ಥೆ,
ಕಲಬುರಗಿ.

ವಿಷಯ: ಶಹಾಬಾದ್ ಫರಸಿ (ನೆಲಕ್ಕೆ ಹಾಸಿದ್ದ ಕಲ್ಲಿನ ಚಪ್ಪಡಿ) ತೆಗೆದು ವಿಟ್ರಿಫೈಡ್ ಟೈಲ್ಸ್ ಹಾಕಿದ ಕೆಲಸದ ದೋಷ, ಅದಕ್ಕೆ ಕಾರಣವಾದ ವೇಳಾಪಟ್ಟಿ ಮತ್ತು ಮರುಕೆಲಸದ ಬೇಡಿಕೆ.

ಮಾನ್ಯರೆ,

ನೆಲಮಹಡಿಯ ಪಡಸಾಲೆ, ಎರಡು ಮಲಗುವ ಕೋಣೆ, ಅಡುಗೆಮನೆ ಸೇರಿ 860 ಚದರ ಅಡಿಯ ಕೆಲಸ. ಮೇ ಕೊನೆಯ ವಾರ ಹಿಡಿದಿರಿ, ಒಂಬತ್ತು ದಿನದಲ್ಲಿ ಮುಗಿಸುವುದಾಗಿ ಬರೆದುಕೊಟ್ಟಿರಿ, ಮುಗಿದದ್ದು ಇಪ್ಪತ್ತೇಳನೇ ದಿನ. ತಡವಾಯಿತೆಂದು ಈ ಪತ್ರ ಬರೆಯುತ್ತಿಲ್ಲ. ಇಪ್ಪತ್ತೇಳು ದಿನ ಹಿಡಿಯಬೇಕಾದ ಕೆಲಸವೇ ಇದು. ನೀವು ಮಾಡಿದ್ದು ಮಾತ್ರ ಒಂಬತ್ತೇ ದಿನದ ಕೆಲಸ. ಉಳಿದ ಹದಿನೆಂಟು ದಿನ ಗೌಂಡಿ ಇಲ್ಲ, ಟೈಲ್ಸ್ ಇಲ್ಲ, ಟ್ರ್ಯಾಕ್ಟರ್ ಇಲ್ಲ ಎಂದು ಕಳೆದುಹೋದವು. ಈಗ ಮಳೆ ಹಿಡಿದ ಮೇಲೆ ಪಡಸಾಲೆಯ ಹೊರಗೋಡೆಗೆ ಹತ್ತಿದ ಸಾಲಿನಲ್ಲಿ ನಾಲ್ಕು ಟೈಲ್ಸ್ ಅಂಚಿಗೆ ಅಂಚು ಕೊಟ್ಟು ಗುಡಿಸಲಿನ ಹಾಗೆ ಎದ್ದಿವೆ. 860 ಚದರ ಅಡಿಗೆ ಕೂಡುವ ಸುಮಾರು 222 ಟೈಲ್ಸ್‌ಗಳಲ್ಲಿ 41 ತಟ್ಟಿದರೆ ಟೊಳ್ಳು ಸದ್ದು ಕೊಡುತ್ತಿವೆ.

ಮೊದಲ ದಿನದಿಂದಲೇ ಲೆಕ್ಕ ತಪ್ಪಿತ್ತು. ಹಳೆಯ ಫರಸಿ ಒಂದೂಕಾಲು ಇಂಚು, ಅದರಡಿಯ ಗಾರೆ ಎರಡು ಇಂಚು. 860 ಚದರ ಅಡಿಗೆ ಇದು 233 ಘನ ಅಡಿ. ಕಿತ್ತು ಸಡಿಲಾದರೆ ಹೆಚ್ಚುಕಡಿಮೆ ಒಂದೂವರೆ ಪಟ್ಟು, ಅಂದರೆ ನೂರು ಘನ ಅಡಿಗೊಂದರಂತೆ ಮೂರೂವರೆ ಬ್ರಾಸ್. ನಿಮ್ಮ ಅಂದಾಜುಪಟ್ಟಿಯಲ್ಲಿ ಇದ್ದದ್ದು ಒಂದು ಟ್ರ್ಯಾಲಿ. ಉಳಿದ ರಾಶಿ ಐದು ದಿನ ಕೋಣೆಯಲ್ಲೇ ಬಿದ್ದಿತ್ತು. ಅದರ ಕೆಳಗಿನ ಭರಾವು, ಅಂದರೆ ನೆಲದಡಿ ತುಂಬಿದ ಮಣ್ಣು, ಹೇಗಿದೆ ಎಂದು ಯಾರೂ ನೋಡಲಿಲ್ಲ, ನೋಡಲು ಜಾಗವೂ ಇರಲಿಲ್ಲ. ಹಾರೆ ಹಾಕಿ ಎಬ್ಬಿಸಿದರೆ ಅರ್ಧಕ್ಕಿಂತ ಹೆಚ್ಚು ಫರಸಿ ಇಡಿಯಾಗಿ ಬರುತ್ತಿತ್ತು, ಅಂಗಳಕ್ಕೋ ಮಾಳಿಗೆಗೋ ಆಗುತ್ತಿತ್ತು. ಬ್ರೇಕರ್ ಹಚ್ಚಿ ಎಲ್ಲವನ್ನೂ ಪುಡಿ ಮಾಡಿದಿರಿ. ಶಹಾಬಾದಿನ ಪಕ್ಕದಲ್ಲೇ ಇದ್ದೇವೆಂದು ಆ ಕಲ್ಲಿಗೆ ಬೆಲೆ ಇಲ್ಲವೆಂದು ತಿಳಿಯಬೇಡಿ.

ಮುಖ್ಯ ದೋಷ ಭರಾವಿನದು. ಇಲ್ಲಿನ ನೆಲ ಎರೆ ಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಫರಸಿ ನೆಲ ಇದನ್ನು ತಾಳಿಕೊಳ್ಳುತ್ತಿತ್ತು. ಕಲ್ಲು ದಪ್ಪ, ಸಂದು ಅಗಲ, ಒಂದು ಮೂಲೆ ಅಲುಗಿದರೂ ಸಂದಿನ ಗಾರೆಯಷ್ಟೇ ಬಿಡುತ್ತಿತ್ತು. ಎರಡು ಅಡಿ ಚೌಕದ, 2 ಮಿಲಿಮೀಟರ್ ಸಂದಿನ ಟೈಲ್ಸ್‌ಗೆ ಆ ಸಡಿಲಿಕೆ ಇಲ್ಲ. ಆದ್ದರಿಂದ ಹಳೆಯ ನೆಲ ಕಿತ್ತ ಮೇಲೆ ಮೇಲುಮೇಲಿನ ಎರೆ ತೆಗೆದು, ಮುರುಮು (ಗರಸು ಮಣ್ಣು) ತುಂಬಿ, ಆರು ಇಂಚಿಗೊಂದು ಪದರದಂತೆ ನೀರು ಹೊಡೆದು ದಮ್ಮಸು ಮಾಡಬೇಕು. ಗೆದ್ದಲಿನ ಔಷಧ ಹೊಡೆಯುವುದಿದ್ದರೆ ಈಗಲೇ, ಕಾಂಕ್ರೀಟಿಗಿಂತ ಮುಂಚೆ. ಆಮೇಲೆ ಸಿಮೆಂಟು, ಉಸುಕು, ಜಲ್ಲಿ 1:4:8ರ ಕಾಂಕ್ರೀಟು ಮೂರರಿಂದ ನಾಲ್ಕು ಇಂಚು, ಅದಕ್ಕೆ ಏಳು ದಿನ ನೀರು. ಇಷ್ಟಕ್ಕೇ ಹನ್ನೊಂದು ಹನ್ನೆರಡು ದಿನ ಬೇಕು. ನಿಮ್ಮ ಪಟ್ಟಿಯಲ್ಲಿ ಇದಕ್ಕೆ ಕೊಟ್ಟದ್ದು ಒಂದು ದಿನ, ಬರೆದದ್ದು ‘ಲೆವಲಿಂಗ್’. ಮಾಡಿದ್ದು ಅದನ್ನೇ: ಉಸುಕು ಹರವಿ, ಪಟ್ಟಿ ಎಳೆದು, ಮರುದಿನ ಟೈಲ್ಸ್. ಮೇ ತಿಂಗಳ ಬಿಸಿಲಿಗೆ ಪೂರ್ತಿ ಕುಗ್ಗಿದ್ದ ಮಣ್ಣು ಜೂನಿನ ಮಳೆಗೆ ಉಬ್ಬದೆ ಏನು ಮಾಡುತ್ತದೆ? ಅದೂ ಅಲ್ಲದೆ ಗೋಡೆಯಂಚಿಗೆ 6ರಿಂದ 8 ಮಿಲಿಮೀಟರ್ ಖಾಲಿ ಬಿಟ್ಟು, ಗೋಡೆಯ ಬುಡಕ್ಕೆ ಹಚ್ಚುವ ಪಟ್ಟಿ, ಅಂದರೆ ಸ್ಕರ್ಟಿಂಗ್‌ನಿಂದ ಮುಚ್ಚಬೇಕಿತ್ತು. ನಿಮ್ಮವರು ಗೋಡೆಗೆ ಒತ್ತಿ ಕೂರಿಸಿ ಸಿಮೆಂಟು ತುಂಬಿದ್ದಾರೆ. ಕೆಳಗಿನಿಂದ ಒತ್ತಡ, ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಟೈಲ್ಸ್ ಮೇಲಕ್ಕೇ ಏಳಬೇಕು.

ಟೊಳ್ಳಿನ ಕಾರಣ ಬೇರೆ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ತೂಕದ ಶೇ. 0.5ಕ್ಕೂ ಕಡಿಮೆ. ಸಿಮೆಂಟಿನ ಹಾಲು ಅದರ ಬೆನ್ನಿನೊಳಗೆ ಇಳಿಯುವುದೇ ಇಲ್ಲ, ಹೀಗಾಗಿ ಐಎಸ್ 15477 ಮಾನದಂಡದ ಟೈಲ್ ಅಂಟು ಬೇಕು. ಬಿಲ್ಲಿನಲ್ಲಿ 20 ಕೆಜಿಯ 19 ಚೀಲ ಹಾಕಿದ್ದೀರಿ. ಚೀಲಕ್ಕೆ 45ರಿಂದ 50 ಚದರ ಅಡಿ ಹಿಡಿದರೆ ಲೆಕ್ಕ ಸರಿ. ಆದರೆ ಮನೆಗೆ ಬಂದದ್ದು ಏಳು. ಉಳಿದ ಕಡೆ ಬರೀ ಸಿಮೆಂಟು ಕಲಸಿ, ನಾಲ್ಕು ಮೂಲೆಗೊಂದು ನಡುವೆ ಒಂದು ಉಂಡೆ ಇಟ್ಟು ಟೈಲ್ಸ್ ಒತ್ತಿದ್ದಾರೆ. ಉಂಡೆಗಳ ನಡುವೆ ಗಾಳಿ ಉಳಿಯುತ್ತದೆ. ಇದ್ದ ಏಳು ಚೀಲವನ್ನಾದರೂ ಹೊತ್ತು ನೋಡಿ ಬಳಸಿದರೇ? ಹಲ್ಲು ಕರಣಿಯಿಂದ ಎಳೆದ ಅಂಟಿನ ಮೇಲೆ ಇಪ್ಪತ್ತು ನಿಮಿಷದೊಳಗೆ ಟೈಲ್ಸ್ ಕೂರಬೇಕು. ನಮ್ಮೂರ ಬೇಸಿಗೆಯ ಮಧ್ಯಾಹ್ನ, ಫ್ಯಾನ್ ತಿರುಗುತ್ತಿದ್ದರೆ, ಅಷ್ಟೂ ಸಿಗುವುದಿಲ್ಲ. ಮೇಲೆ ಪೊರೆ ಕಟ್ಟುತ್ತದೆ. ಬೆಳಿಗ್ಗೆ ಆರರಿಂದ ಹನ್ನೊಂದು, ಮತ್ತೆ ಸಂಜೆ ನಾಲ್ಕರ ಮೇಲೆ, ಹೀಗೆ ಇಡಬೇಕಿತ್ತು ಪಾಳಿ. ನಿಮ್ಮ ತಂಡ ಹತ್ತಕ್ಕೆ ಬಂದು ಐದಕ್ಕೆ ಹೋಗುತ್ತಿತ್ತು.

ಟೈಲ್ಸ್ ಕೊಂಡ ಲೆಕ್ಕವೂ ಅಷ್ಟೆ. 600×600 ಮಿಲಿಮೀಟರಿನ ನಾಲ್ಕು ಟೈಲ್ಸ್‌ನ ಒಂದು ಬಾಕ್ಸು 15.5 ಚದರ ಅಡಿ. ನೀವು ತರಿಸಿದ್ದು 56 ಬಾಕ್ಸು, ಅಂದರೆ 868 ಚದರ ಅಡಿ. ನಾಲ್ಕಿಂಚು ಸ್ಕರ್ಟಿಂಗ್ 210 ಅಡಿ ಓಡುತ್ತದೆ, ಅದಕ್ಕೇ 70 ಚದರ ಅಡಿ ಬೇಕು. ನೆಲ, ಸ್ಕರ್ಟಿಂಗ್ ಸೇರಿ 930 ಚದರ ಅಡಿಗೆ ಶೇ. 7 ತುಂಡು ನಷ್ಟ ಕೂಡಿಸಿದರೆ 65 ಬಾಕ್ಸು. ಕಡಿಮೆ ಬಿದ್ದ ಒಂಬತ್ತು ಬಾಕ್ಸಿಗೆ ಎಂಟು ದಿನ ಕಾದೆವು. ಬಂದಾಗ ಬ್ಯಾಚ್ ಬೇರೆ, ಬಣ್ಣ ಒಂದು ಛಾಯೆ ಹಳದಿ, ಅಳತೆಯಲ್ಲೂ ಅರ್ಧ ಮಿಲಿಮೀಟರ್ ಹೆಚ್ಚು. ಹತ್ತು ಟೈಲ್ಸ್ ಸಾಗುವಷ್ಟರಲ್ಲಿ ಗೆರೆ 5 ಮಿಲಿಮೀಟರ್ ತಪ್ಪುತ್ತದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಪಡಸಾಲೆ ಕಡೆ ನೋಡಿದರೆ ಕಾಣುತ್ತದೆ. ಬಾಕ್ಸಿನ ಮೇಲೆ ಬ್ಯಾಚ್ ನಂಬರು, ಶೇಡ್, ಅಳತೆಯ ಗುರುತು ಮೂರೂ ಅಚ್ಚಾಗಿರುತ್ತವೆ. ಇಳಿಸುವಾಗ ಓದಿದ್ದರೆ ಸಾಕಿತ್ತು.

ಆ ಎಂಟು ದಿನ ಕಾಯುವಾಗ ಮೃಗಶಿರಾ ಮಳೆ ಬಿತ್ತು. ಸೇಡಂ, ಚಿಂಚೋಳಿ ಕಡೆಯ ಕೂಲಿಯವರು ತೊಗರಿ ಬಿತ್ತಲು ಊರಿಗೆ ಹೊರಟರು. ಇದರಲ್ಲಿ ಅವರದೇನೂ ತಪ್ಪಿಲ್ಲ, ಪ್ರತಿ ವರ್ಷ ಹೋಗುತ್ತಾರೆ. ಹೋಳಿಯ ಐದನೇ ದಿನ ಶರಣಬಸವೇಶ್ವರರ ತೇರಿಗೆ ಆಳು ಸಿಗುವುದಿಲ್ಲ ಎಂದು ಗೊತ್ತಿರುವ ಹಾಗೆ ಇದೂ ನಿಮಗೆ ಗೊತ್ತಿರಬೇಕಾದ ಮಾತು. ಕೆಲಸ ಏಪ್ರಿಲ್ ಮೊದಲ ವಾರ ಹಿಡಿಯಬೇಕಿತ್ತು, ಇಲ್ಲವೇ ಬಿತ್ತನೆ ಮುಗಿಯಲಿ ಎಂದು ಹೇಳಬೇಕಿತ್ತು.

ಹೊಸ ನೆಲ 18 ಮಿಲಿಮೀಟರ್ ಏರಿ ಮೂರು ಬಾಗಿಲು ಉಜ್ಜುತ್ತಿವೆ. ಬಡಗಿ ನಿಮ್ಮ ಪಟ್ಟಿಯಲ್ಲೇ ಇರಲಿಲ್ಲ. ಬಣ್ಣದವನನ್ನು ಗ್ರೌಟ್ ತುಂಬಿದ ದಿನವೇ ಕಳಿಸಿದ್ದರಿಂದ ಸಂದುಗಳಲ್ಲಿ ಬಣ್ಣದ ಕಲೆ ಕೂತಿದೆ.

ಟೊಳ್ಳು ಇದ್ದಲ್ಲಿ ತೂತು ಕೊರೆದು ಸಿಮೆಂಟಿನ ಹಾಲು ಇಳಿಸಿ ಕೊಡುತ್ತೇವೆ ಎಂದು ಫೋನಿನಲ್ಲಿ ಹೇಳಿದಿರಿ. ಗಟ್ಟಿ ಕಾಂಕ್ರೀಟಿನ ಮೇಲೆ ಒಂದೆರಡು ಮೂಲೆ ಬಿಟ್ಟಿದ್ದರೆ ಒಪ್ಪುತ್ತಿದ್ದೆವು. ಅಡಿಯಲ್ಲಿ ಸಡಿಲು ಉಸುಕು, ಅದರಡಿಯಲ್ಲಿ ಅಲುಗುವ ಎರೆ ಇರುವಾಗ ಅದು ತೇಪೆ ಹಚ್ಚಿದಂತೆ. ಒಪ್ಪುವುದಿಲ್ಲ.

ಈ ಪತ್ರ ತಲುಪಿದ ಏಳು ದಿನದೊಳಗೆ ನಿಮ್ಮ ಮೇಸ್ತ್ರಿ ಬಂದು, ನಮ್ಮೆದುರಿಗೆ ಎದ್ದ ನಾಲ್ಕು ಟೈಲ್ಸ್ ತೆಗೆದು, ಒಂದೂವರೆ ಅಡಿ ಆಳ ಅಗೆದು ಭರಾವು ತೋರಿಸಬೇಕು. ಪಡಸಾಲೆಯ ನೆಲವನ್ನು ಮುರುಮು, ಕಾಂಕ್ರೀಟು ಸಹಿತ ನಿಮ್ಮ ಖರ್ಚಿನಲ್ಲಿ ಮರುಕಟ್ಟಬೇಕು. ಬೇರೆ ಕೋಣೆಗಳ ಟೊಳ್ಳು ಟೈಲ್ಸ್ ಬದಲಾಯಿಸಬೇಕು. ಮೊದಲ ಬ್ಯಾಚಿನ ಟೈಲ್ಸ್ ಸಿಗದಿದ್ದರೆ ಪಡಸಾಲೆ ಪೂರ್ತಿ ಒಂದೇ ಹೊಸ ಬ್ಯಾಚಿನದಾಗಲಿ. ಅಲ್ಲಿಂದ ಒಡೆಯದೆ ಬಿಡಿಸಿದ ಮೊದಲ ಬ್ಯಾಚಿನವು ಕೋಣೆಗಳಿಗೆ ಸಾಕು. ಬಾರದ 12 ಚೀಲ ಅಂಟಿನ ಹಣ ಬಿಲ್ಲಿನಿಂದ ಕಳೆಯಬೇಕು. ಕೆಲಸ ಹಿಡಿಯುವ ಮುಂಚೆ ಹೊಸ ವೇಳಾಪಟ್ಟಿ ಬರವಣಿಗೆಯಲ್ಲಿ ಬೇಕು, ನೀರು ಹೊಡೆಯುವ ಏಳು ದಿನ ಅದರಲ್ಲಿ ಬೇರೆಯಾಗಿ ಕಾಣಬೇಕು. ನಲ್ಲಿ ನೀರು ದಿನವೂ ಬರುವುದಿಲ್ಲವಾದ್ದರಿಂದ ಆ ದಿನಗಳ ಟ್ಯಾಂಕರು ಯಾರದು ಎಂಬುದನ್ನೂ ಬರೆಯಿರಿ. ಅಲ್ಲಿಯವರೆಗೆ ಬಾಕಿ ಶೇ. 15 ಹಣ ನಮ್ಮಲ್ಲೇ ಇರುತ್ತದೆ.

ಉತ್ತರ ಬಾರದಿದ್ದರೆ 1915 ಸಂಖ್ಯೆಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ಸೇವಾ ನ್ಯೂನತೆಯೆಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಐದು ಲಕ್ಷದವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವಿಲ್ಲ. ನಿಮ್ಮ ಸಹಿಯ ವೇಳಾಪಟ್ಟಿ, ಬಿಲ್ಲು, ಎರಡೂ ಬ್ಯಾಚಿನ ಬಾಕ್ಸುಗಳ ಫೋಟೊ, ಟೊಳ್ಳು ಟೈಲ್ಸ್‌ಗೆ ಸೀಮೆಸುಣ್ಣದ ಗುರುತು ಹಾಕಿದ ನಕ್ಷೆ ಇದರೊಂದಿಗೆ ಇವೆ. ಗುರುತು ಅಳಿಸಿಲ್ಲ, ಬಂದಾಗ ನೀವೇ ತಟ್ಟಿ ನೋಡಬಹುದು.

ಇಂತಿ,
ಮನೆಯ ಮಾಲೀಕರು,
ಕಲಬುರಗಿ