ಕಾಶಿ ಪ್ರವಾಸ: ವಿಮಾನದ ಟಿಕೆಟ್ ರದ್ದಾದವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಿಂದ ಕಾಶಿಗೆ ನಮ್ಮಲ್ಲಿ ಕೆಲವರು ಮಾಡಿದ್ದ ಬುಕಿಂಗ್ ರದ್ದಾಗಿದೆ. ಖಾತೆಯಿಂದ ದುಡ್ಡು ಕಟ್ ಆಗಿದೆ, ಆದರೆ ವಿಮಾನ ಕಂಪನಿಗೆ ತಲುಪಿಲ್ಲ. ಗಾಬರಿ ಆಗಬೇಡಿ. ಅವಸರದಲ್ಲಿ ಇನ್ನೊಮ್ಮೆ ದುಡ್ಡು ಕಟ್ಟಲೂಬೇಡಿ. ಮೊದಲು ಕಂಪನಿಯ ಆ್ಯಪ್‌ನಲ್ಲಿ ಪಿಎನ್‌ಆರ್ (ಬುಕಿಂಗ್ ನಂಬರ್) ಹಾಕಿ ನೋಡಿ.

ಬ್ಯಾಂಕಿನ ಮೆಸೇಜ್ ಅಳಿಸಬೇಡಿ. ಯುಪಿಐ ಹಿಸ್ಟರಿಯಲ್ಲಿ 12 ಅಂಕಿಯ ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ಸಂಖ್ಯೆ) ಇರುತ್ತದೆ, ಸ್ಕ್ರೀನ್‌ಶಾಟ್ ತೆಗೆದಿಡಿ. ದೂರು ಕೊಡುವಾಗ ಮೊದಲು ಕೇಳುವುದೇ ಅದನ್ನು. ರಿಸರ್ವ್ ಬ್ಯಾಂಕ್ 2019ರಲ್ಲೇ ನಿಯಮ ಮಾಡಿದೆ. ಹೀಗೆ ಕಾರ್ಡ್ ಅಥವಾ ಯುಪಿಐ ದುಡ್ಡು ನಡುವೆ ಸಿಕ್ಕಿಕೊಂಡರೆ, ಕಟ್ ಆದ ದಿನ ಬಿಟ್ಟು 5 ದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅದು ನಮ್ಮ ಹಕ್ಕು, ಸಂಕೋಚ ಬಿಟ್ಟು ಕೇಳಿ. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು.

ನನಗೆ ಜಾಸ್ತಿ ಚಿಂತೆ ಇರುವುದು ಮೋಸದ ಕರೆಗಳದ್ದು. ಗೂಗಲ್‌ನಲ್ಲಿ ಸಿಕ್ಕ ಯಾವುದೋ ಕಸ್ಟಮರ್ ಕೇರ್ ನಂಬರಿಗೆ ಸುಮ್ನೆ ಫೋನ್ ಮಾಡಬೇಡಿ. 'ರಿಫಂಡ್ ಬರಬೇಕು, ಪಿನ್ ಹಾಕಿ' ಎಂದರೆ ತಕ್ಷಣ ಫೋನ್ ಇಡಿ. ನಮಗೆ ದುಡ್ಡು ಬರುವುದಕ್ಕೆ ಪಿನ್ ಬೇಕಾಗುವುದೇ ಇಲ್ಲ. ಅಕಸ್ಮಾತ್ ದುಡ್ಡು ಹೋದರೆ ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇದೆಲ್ಲ ಫೋನ್‌ನಲ್ಲಿ ಮಾಡಲು ಕಷ್ಟ ಅನ್ನುವ ಹಿರಿಯರು ಸಂಜೆ ಪಿ.ಜೆ. ಬಡಾವಣೆಯ ನಮ್ಮ ಮನೆಗೆ ಬನ್ನಿ. ಪಾಸ್‌ಬುಕ್ ತನ್ನಿ, ಕೂತು ದೂರು ಬರೆಯೋಣ. ದಾವಣಗೆರೆಯಿಂದ ಬೆಂಗಳೂರಿಗೆ ಮಾಡಿರುವ ಬಸ್ ಬುಕಿಂಗ್ ಹಾಗೇ ಇರಲಿ, ಯಾರೂ ರದ್ದು ಮಾಡಬೇಡಿ.