ಟೊಮೆಟೊ ಲೋಡಿಗೆ ಆಗದ ನಿಮ್ಮ ಬುಕಿಂಗ್ ಫಾರಂ: ಕೋಲಾರದಿಂದ ದೂರು

ಗ್ರಾಹಕ ವಿಭಾಗದವರಿಗೆ ನಮಸ್ಕಾರ,

ನಾನು ಕೋಲಾರ ಎಪಿಎಂಸಿ ಯಾರ್ಡಿನಲ್ಲಿ ಟೊಮೆಟೊ ಖರೀದಿಸಿ ಚೆನ್ನೈಗೆ ಕಳಿಸುವವನು. ಹೋದ ವಾರ ನಿಮ್ಮ ಲಾರಿ ಬುಕಿಂಗ್ ಆ್ಯಪ್‌ನಲ್ಲಿ ಬುಕ್ ಮಾಡಿದ ಲೋಡು ಕೋಯಂಬೇಡು ಮಾರ್ಕೆಟ್ ಮುಟ್ಟುವಾಗ ಬೆಳಕು ಹರಿದಿತ್ತು, ಒಳಗಡೆ ಸಾಲಿನ ಬಾಕ್ಸುಗಳಲ್ಲಿ ಹಣ್ಣು ಬೆಂದು ನೀರು ಸೋರುತ್ತಿತ್ತು. ಡ್ರೈವರ್ ಮೇಲೆ ನನ್ನ ದೂರಿಲ್ಲ. ನಿಮ್ಮ ಫಾರಂ ಹೇಳಿದ ಗಾಡಿ ತಂದರು, ಫಾರಂ ಹೇಳಿದ ಕಡೆ ಬಂದರು. ನನ್ನ ದೂರು ಆ ಫಾರಂ ಮೇಲೆ.

ಮೊದಲು ಸರಕಿನ ಪಟ್ಟಿ. ಸಿಮೆಂಟ್ ಇದೆ, ಬಟ್ಟೆ ಇದೆ, ಮನೆ ಸಾಮಾನು ಇದೆ, ತರಕಾರಿ ಇಲ್ಲ. ಕೋಲಾರದಲ್ಲಿ ಲಾರಿ ಕೊಡುತ್ತೇವೆ ಅಂತ ಬೋರ್ಡು ಹಾಕಿಕೊಂಡು ಟೊಮೆಟೊ ಕೇಳದಿದ್ದರೆ ಹೇಗೆ? ಬೇರೆ ದಾರಿಯಿಲ್ಲದೆ ‘ಇತರೆ’ ಒತ್ತಬೇಕಾಯಿತು. ಆ ಒಂದು ‘ಇತರೆ’ಯಿಂದ ಎರಡು ಏಟು ಬಿತ್ತು. ಬಾಡಿಗೆ ಮೇಲೆ ಜಿಎಸ್‌ಟಿ ಹಾಕಿದಿರಿ, ಕೃಷಿ ಉತ್ಪನ್ನದ ಸಾಗಣೆಗೆ ಜಿಎಸ್‌ಟಿ ವಿನಾಯಿತಿ ಇದ್ದರೂ. ಮತ್ತೆ, ಕಳಿಸಿದ್ದು ಪೂರ್ತಿ ಮುಚ್ಚಿದ ಕಂಟೇನರ್ ಗಾಡಿ.

ಟೊಮೆಟೊಗೆ ಗಾಳಿ ಆಡಬೇಕು ಸ್ವಾಮಿ. ತೆರೆದ ಬಾಡಿ, ಮೇಲೆ ಟಾರ್ಪಾಲು, ಅಷ್ಟೇ ಸಾಕು. ಹಗಲೆಲ್ಲ ಬಿಸಿಲಲ್ಲಿ ನಿಂತಿದ್ದ ಆ ಗಾಡಿಯ ಬಾಗಿಲ ಕಂಬಿ ಎತ್ತಿ ತೆಗೆದ ಕೂಡಲೇ ಒಳಗಿನ ಬಿಸಿ ಮುಖಕ್ಕೆ ರಾಚಿತು. ಹಮಾಲಿ ಅಣ್ಣ ಒಳಗೆ ಕಾಲಿಟ್ಟು, ಗೋಡೆಯ ತಗಡು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡರು. ‘ಅಣ್ಣಾ, ಇದರಲ್ಲಿ ಹಣ್ಣು ಬೇಯುತ್ತೆ, ಬೇರೆ ಗಾಡಿ ಸಿಗಲ್ವಾ?’ ಅಂದರು. ಆ ಹೊತ್ತಿಗೆ ಯಾರ್ಡಿನ ಗಾಡಿಗಳೆಲ್ಲ ಹೊರಟಾಗಿತ್ತು. ತೆರೆದ ಬಾಡಿಯೋ ಮುಚ್ಚಿದ್ದೋ ಅಂತ ನಿಮ್ಮ ಫಾರಂ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಟೈಮಿನ ವಿಷಯವೂ ಹಾಗೇ. ಫಾರಂನಲ್ಲಿ ತಾರೀಕು ಮಾತ್ರ ಇದೆ, ಗಂಟೆ ಇಲ್ಲ. ಬೆಳಿಗ್ಗೆ ಹರಾಜು ಮುಗಿದು, ಹಣ್ಣು ವಿಂಗಡಿಸಿ, ಮಧ್ಯಾಹ್ನ 3ಕ್ಕೆ ನಮ್ಮ ಮಾಲು ರೆಡಿ. ಆಗ ಲೋಡು ಶುರು ಮಾಡಿ ಸಂಜೆ ಹೊರಟರೆ ಮುಳಬಾಗಿಲು ದಾಟಿ ರಾತ್ರಿಯೊಳಗೆ ಚೆನ್ನೈ ಸೇರಬಹುದು, ನಸುಕಿನ ವ್ಯಾಪಾರ ಸಿಗುತ್ತದೆ. ನಿಮ್ಮ ಗಾಡಿ ಬಂದಿದ್ದು ಸಂಜೆ 7 ಗಂಟೆಗೆ. ಕೇಳಿದರೆ ನಿಮ್ಮವರು ‘ತಾರೀಕು ಸರಿಯಾಗಿದೆಯಲ್ಲ ಸರ್’ ಅನ್ನುತ್ತಾರೆ.

ಬೇಕಾದ್ದು ಕೇಳುವುದಿಲ್ಲ, ಬೇಡದ್ದಕ್ಕೆ ಹಠ. ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಜಿಎಸ್‌ಟಿ ಚೀಟಿ, ಅದರ ನಂಬರ್ ಹಾಕದಿದ್ದರೆ ಫಾರಂ ಮುಂದಕ್ಕೇ ಹೋಗುವುದಿಲ್ಲ. ತಾಜಾ ತರಕಾರಿಗೆ ತೆರಿಗೆಯೂ ಇಲ್ಲ, ಇ-ವೇ ಬಿಲ್ಲೂ ಬೇಡ, ಮಾಲಿನ ಬೆಲೆ 50,000 ರೂಪಾಯಿ ದಾಟಿದರೂ ಬೇಡ. ಹೆಲ್ಪ್‌ಲೈನ್‌ಗೆ ಫೋನ್ ಮಾಡಿದರೆ ‘ಯಾವುದಾದರೂ 12 ಅಂಕಿ ಹಾಕಿ ಸರ್, ತಗೊಳ್ಳುತ್ತೆ’ ಅಂದರು. ಸುಳ್ಳು ನಂಬರ್ ಹಾಕಿ ನಾಳೆ ದಾರಿಯಲ್ಲಿ ತಪಾಸಣೆಯವರು ಹಿಡಿದರೆ ಯಾರು ಬರುತ್ತಾರೆ, ನೀವಾ? ನಾನು ಹಾಕಲಿಲ್ಲ. ಅರ್ಧ ಗಂಟೆ ಜಗಳ ಮಾಡಿದ ಮೇಲೆ ನಿಮ್ಮವರೇ ಒಳಗಿಂದ ಬುಕ್ ಮಾಡಿಕೊಟ್ಟರು. ಹಾಗಾದರೆ ಆ ನಂಬರ್ ಇಲ್ಲದೆಯೂ ಬುಕ್ ಆಗುತ್ತದೆ ಅಂತಾಯಿತು, ಅಲ್ವಾ? ತಾವೇ ಬೆಳೆದು ನೇರ ಕಳಿಸುವ ರೈತರ ಹತ್ತಿರ ಜಿಎಸ್‌ಟಿ ನಂಬರೂ ಇರುವುದಿಲ್ಲ, ಅದನ್ನೂ ನಿಮ್ಮ ಫಾರಂ ಕಡ್ಡಾಯ ಮಾಡಿದೆ. ಇದು ನನಗೆ ನಿಜಕ್ಕೂ ಬೇಜಾರು ತಂದ ಸಂಗತಿ.

ಲೆಕ್ಕ ಕೇಳುವ ರೀತಿಯೂ ಸರಿಯಿಲ್ಲ. ಇಲ್ಲಿ ಎಲ್ಲರೂ ಮಾತಾಡುವುದು 15 ಕೆಜಿ ಬಾಕ್ಸಿನ ಲೆಕ್ಕದಲ್ಲಿ. 600 ಬಾಕ್ಸ್ ಅಂದರೆ 9 ಟನ್ ಹಣ್ಣು, ಖಾಲಿ ಕ್ರೇಟಿನ ತೂಕ ಬೇರೆ. ನೀವು ಪ್ರತಿ ಬಾಕ್ಸಿನ ಉದ್ದ, ಅಗಲ, ಎತ್ತರ ಇಂಚಿನಲ್ಲಿ ಕೇಳುತ್ತೀರಿ. ಎಷ್ಟು ಬಾಕ್ಸ್ ಅಂತ ಕೇಳಿ, ತೂಕ ನೀವೇ ಲೆಕ್ಕ ಹಾಕಿಕೊಳ್ಳಿ. ಲೋಡು ಹಮಾಲಿ ಯಾರದು, ಅಲ್ಲಿ ಇಳಿಸಿಕೊಳ್ಳುವವರ ಫೋನ್ ನಂಬರ್ ಏನು, ಬಾಡಿಗೆ ಇಲ್ಲೇ ಕೊಡುವುದಾ ಅಲ್ಲಿ ಕೊಡುವುದಾ, ಗಾಡಿ ಕಾದರೆ ಹಾಲ್ಟಿಂಗ್ ಎಷ್ಟು, ಇವೆಲ್ಲ ಬುಕಿಂಗ್ ಹೊತ್ತಲ್ಲೇ ಬರೆದಿರಬೇಕು. ಆಮೇಲೆ ಡ್ರೈವರ್ ಜೊತೆ ರಸ್ತೆಯಲ್ಲಿ ನಿಂತು ಚೌಕಾಸಿ ಮಾಡುವುದು ಇಬ್ಬರಿಗೂ ಕಷ್ಟ. ಫಾರಂ ಕನ್ನಡದಲ್ಲೂ ಇರಲಿ.

ಎಲ್ಲಕ್ಕಿಂತ ದೊಡ್ಡದು, ಮಾಲಿನ ಬೆಲೆ ಬರೆಯುವ ಜಾಗವೇ ಇಲ್ಲ. ರಸ್ತೆ ಸಾಗಣೆಯ 2007ರ ಕಾಯ್ದೆ ಪ್ರಕಾರ ಸರಕು ಒಪ್ಪಿಸುವಾಗ ಕೊಡುವ ಚೀಟಿಯಲ್ಲಿ ಮಾಲಿನ ಬೆಲೆ ಇರಬೇಕು. ಈಗ ನಷ್ಟ ಕೇಳಿದರೆ ‘ಬೆಲೆ ನಮೂದಾಗಿಲ್ಲ’ ಅನ್ನುತ್ತಿದ್ದೀರಿ. ಎಲ್ಲಿ ನಮೂದಿಸಬೇಕಿತ್ತು ಹೇಳಿ.

ಹಾಳಾದ ಬಾಕ್ಸುಗಳ ಫೋಟೊ, ಕೋಯಂಬೇಡು ಮಂಡಿಯ ಚೀಟಿ, ನಿಮ್ಮ ಎಲ್‌ಆರ್ (ಲಾರಿ ರಸೀದಿ) ಪ್ರತಿ ಜೊತೆಗಿಟ್ಟಿದ್ದೇನೆ. ಹಾಳಾದ ಮಾಲಿನ ದುಡ್ಡು ಮತ್ತು ತಪ್ಪಾಗಿ ಹಿಡಿದ ಜಿಎಸ್‌ಟಿ ವಾಪಸ್ ಮಾಡಿ. ಅದೇ ಕಾಯ್ದೆಯಲ್ಲಿ ಬುಕ್ ಮಾಡಿದ 180 ದಿನದೊಳಗೆ ಬರಹದಲ್ಲಿ ನೋಟಿಸ್ ಕೊಡಬೇಕು ಅಂತಿದೆ, ಈ ಪತ್ರವನ್ನೇ ಆ ನೋಟಿಸ್ ಅಂದುಕೊಳ್ಳಿ. ಫಾರಂ ಬದಲಿಸುವ ಮುಂಚೆ ನಿಮ್ಮವರನ್ನು ಒಂದು ಮಧ್ಯಾಹ್ನ ಯಾರ್ಡಿಗೆ ಕಳಿಸಿ. ಲೋಡು ಆಗುವಾಗ ಪಕ್ಕದಲ್ಲಿ ನಿಂತು ಏನೇನು ಕೇಳಬೇಕು ಅಂತ ನಾನೇ ತೋರಿಸುತ್ತೇನೆ. ಉತ್ತರ ಫೋನಿನಲ್ಲಿ ಬೇಡ, ಬರಹದಲ್ಲಿ ಕೊಡಿ.

ಇಂತಿ,
ಕೋಲಾರ ಯಾರ್ಡಿನ ಟೊಮೆಟೊ ವ್ಯಾಪಾರಿ