ಒಂದನೇ ಲೆವೆಲ್ಲೋ, ಎರಡನೆಯದೋ?

ದಾವಣಗೆರೆ
ಜುಲೈ 20

ಪ್ರೀತಿಯ ಪುಟ್ಟಿ,

ನಿನ್ನ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ಆಗಸ್ಟ್‌ನಲ್ಲಿ ಅಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಿನಗೆ ಒಂಬತ್ತನೇ ಕ್ಲಾಸು, ಹೈಸ್ಕೂಲು ಶುರು. ಏಳು, ಎಂಟರಲ್ಲಿ ಒಂದಿಷ್ಟು ಸ್ಪ್ಯಾನಿಷ್ ಆಗಿದೆ, ಈಗ ಮತ್ತೆ ಸ್ಪ್ಯಾನಿಷ್ ಒಂದನೇ ಲೆವೆಲ್ಲನ್ನೇ ತಗೋಬೇಕಾ, ನೇರ ಎರಡನೇ ಲೆವೆಲ್ಲಿಗೆ ಹೋಗಬೇಕಾ ಅಂತ ಕೇಳಿದ್ದೀಯ. ಗೆಳತಿಯರೆಲ್ಲ ಎರಡಕ್ಕೆ ಹೋಗುತ್ತಿದ್ದಾರೆ ಅಂತಲೂ ಮೂರು ಸಲ ಹೇಳಿದೆ. ಅದನ್ನು ನಾನು ಲೆಕ್ಕಕ್ಕೆ ತಗೊಂಡಿಲ್ಲ.

1979ರಲ್ಲಿ ನಾನು ಪಿ.ಜೆ. ಬಡಾವಣೆಯ ಒಂದು ಮನೆಗೆ ಸಂಜೆ ಹೊತ್ತು ಹಿಂದಿ ಕ್ಲಾಸಿಗೆ ಹೋಗುತ್ತಿದ್ದೆ. ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ ಅಂತ ಒಂದಾದ ಮೇಲೊಂದು ಪರೀಕ್ಷೆ. ‘ನೀನು ಚುರುಕಿದ್ದೀ, ಮೊದಲನೆಯದು ಬೇಡ’ ಅಂದರು ಮೇಷ್ಟ್ರು. ಉಬ್ಬಿಹೋದೆ. ನೇರ ಮಧ್ಯಮಾಕ್ಕೆ ಕೂತೆ. ಓದಲು ಬರುತ್ತಿತ್ತು, ಪದಗಳ ಅರ್ಥ ಬಾಯಿಪಾಠ. ಒಂದು ದಿನ ಬೋರ್ಡಿನ ಮೇಲೆ ‘ರಾಮ್ ನೇ ರೋಟಿ ಖಾಯಾ’ ಅಂತ ಬರೆದೆ. ಹಿಂದಿನ ಬೆಂಚಿನ ಹುಡುಗ ಕಿಸಕ್ಕನೆ ನಕ್ಕ. ‘ಖಾಯೀ’ ಆಗಬೇಕಂತೆ. ತಿಂದವನು ರಾಮ, ಆದರೆ ಕ್ರಿಯಾಪದ ಮಾತ್ರ ರೊಟ್ಟಿಯ ಹಿಂದೆ ಹೋಗಬೇಕು, ಯಾಕಂದ್ರೆ ರೊಟ್ಟಿ ಹೆಣ್ಣು! ನಮ್ಮ ಜೋಳದ ರೊಟ್ಟಿಗೆ ಎಲ್ಲಿಯ ಗಂಡು, ಎಲ್ಲಿಯ ಹೆಣ್ಣು? ಉಳಿದವರಿಗೆ ಯಾವ ಪದ ಗಂಡು, ಯಾವುದು ಹೆಣ್ಣು ಅಂತ ಹಿಂದಿನ ಕ್ಲಾಸಿನಲ್ಲೇ ಉಜ್ಜಿ ಉಜ್ಜಿ ಹೇಳಿಕೊಟ್ಟಿದ್ದರು. ನಾನು ಪರೀಕ್ಷೆ ಬರುವವರೆಗೂ ಅಂದಾಜಿನ ಮೇಲೆ ಬರೆದೆ. ಫೇಲಾದೆ. ಇದು ನಿನ್ನಮ್ಮನಿಗೆ ಗೊತ್ತಿಲ್ಲ, ಹೇಳಬೇಡ.

ಹಾಗಂತ ನೀನು ಒಂದಕ್ಕೇ ಹೋಗು ಅನ್ನುತ್ತಿಲ್ಲ. ಗೊತ್ತಿರುವುದನ್ನೇ ವರ್ಷವಿಡೀ ಕೇಳಿಸಿಕೊಂಡು ಕೂತ ಮಕ್ಕಳನ್ನೂ ನೋಡಿದ್ದೇನೆ. ಮೊದಲ ತಿಂಗಳು ಕ್ಲಾಸಿಗೇ ರಾಜರು. ಆಮೇಲೆ ಪುಸ್ತಕ ತೆರೆಯುವ ಅಭ್ಯಾಸವೇ ತಪ್ಪಿಹೋಗಿರುತ್ತದೆ.

ನೀನು ಕಳಿಸಿದ ಪುಟಗಳನ್ನು ಕನ್ನಡಕ ಹಾಕಿಕೊಂಡು ನೋಡಿದೆ. ಒಂದನೇ ಲೆವೆಲ್ಲಿನಲ್ಲಿ ಹೆಚ್ಚಿಗೆ ಇರುವುದು ವರ್ತಮಾನ ಕಾಲ. ಎರಡನೆಯದರಲ್ಲಿ ಭೂತಕಾಲ, ಅದೂ ಎರಡು ಬಗೆ: ‘ಕೊಮೀ’ ಅಂದರೆ ತಿಂದೆ, ‘ಕೊಮೀಆ’ ಅಂದರೆ ತಿನ್ನುತ್ತಿದ್ದೆ. ಇದು ನಿನಗೆ ಕಷ್ಟ ಆಗಲಿಕ್ಕಿಲ್ಲ, ಕನ್ನಡದಲ್ಲೂ ಎರಡೂ ಇವೆ ಅಲ್ವಾ? ನನಗೆ ಭಯ ಗಂಡು ಹೆಣ್ಣಿನದೇ. ಕೈಗೆ ‘ಮಾನೊ’, ಒಕಾರದಲ್ಲಿ ಮುಗಿದರೂ ಹೆಣ್ಣಂತೆ. ದಿನಕ್ಕೆ ‘ದೀಆ’, ಆಕಾರದಲ್ಲಿ ಮುಗಿದರೂ ಗಂಡಂತೆ. ಮತ್ತೆ ಅದೇ ರೊಟ್ಟಿ ಕಥೆ.

ಒಂದು ಕೆಲಸ ಮಾಡು. ಪುಸ್ತಕ ಮುಚ್ಚಿಡು. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿಕೊಂಡು ಸ್ಪ್ಯಾನಿಷ್‌ನಲ್ಲಿ ಎರಡು ನಿಮಿಷ ಮಾತಾಡು. ಮೊದಲು ದಿನಾ ಏನು ಮಾಡುತ್ತೀಯ ಅಂತ, ಆಮೇಲೆ ನಿನ್ನೆ ಏನಾಯಿತು ಅಂತ. ದಿನದ ಮಾತು ಸರಾಗ ಬಂದು ನಿನ್ನೆಯದರಲ್ಲಿ ತಡವರಿಸಿದರೆ ಎರಡಕ್ಕೇ ಹೋಗು, ಅಲ್ಲಿ ಕಲಿಸುವುದೇ ಅದು. ದಿನದ ಮಾತಿಗೇ ನಾಲಿಗೆ ಹೊರಳದಿದ್ದರೆ ಸುಮ್ನೆ ಒಂದನ್ನು ತಗೋ, ಅದರಲ್ಲಿ ನಾಚಿಕೆ ಏನು ಬಂತು? ಯಾವ ಲೆವೆಲ್ಲಿಗೆ ಹಾಕಬೇಕು ಅಂತ ನೋಡುವ ಪ್ಲೇಸ್‌ಮೆಂಟ್ ಟೆಸ್ಟ್ ಇಟ್ಟರೆ ರಾತ್ರಿಯೆಲ್ಲ ಉರು ಹೊಡೆದು ಹೋಗಬೇಡ. ಹಾಗೆ ಬಂದ ಅಂಕ ಸೆಪ್ಟೆಂಬರ್‌ನಲ್ಲೇ ಕೈಕೊಡುತ್ತದೆ.

ಕಾಲೇಜಿನ ಚಿಂತೆ ಈಗಲೇ ಜಾಸ್ತಿ ಬೇಡ. ನಿಮ್ಮ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಕೇಳುವುದು ಇಂಗ್ಲಿಷ್ ಬಿಟ್ಟು ಇನ್ನೊಂದು ಭಾಷೆ, 2 ವರ್ಷ. 3 ಆದರೆ ಒಳ್ಳೆಯದು ಅನ್ನುತ್ತಾರೆ. ಒಂದರಿಂದ ಶುರು ಮಾಡಿದರೂ ಹನ್ನೆರಡನೇ ಕ್ಲಾಸಿನ ಹೊತ್ತಿಗೆ ನಾಲ್ಕರವರೆಗೆ ಬರಬಹುದು. ಎಪಿ ಸ್ಪ್ಯಾನಿಷ್, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು, ಬೇಕೇ ಬೇಕು ಅಂತಿದ್ದರೆ ಮಾತ್ರ ಎರಡರಿಂದ ಹೊರಟರೆ ಒಂದು ವರ್ಷ ಕೈಯಲ್ಲಿರುತ್ತದೆ. ಇನ್ನೊಂದು, ಕ್ಲಾಸ್ ಬದಲಿಸಲು ಕೊನೇ ದಿನ ಯಾವುದು ಅಂತ ಸ್ಕೂಲಿನ ಕೌನ್ಸೆಲರ್ ಹತ್ತಿರ ಮೊದಲೇ ಕೇಳಿಟ್ಟುಕೋ.

ಆ ರೆಕಾರ್ಡಿಂಗ್ ನನಗೂ ಕಳಿಸು. ಸ್ಪ್ಯಾನಿಷ್ ನನಗೆ ಬಾರದು, ಆದರೆ 31 ವರ್ಷ ಹಿಂದಿ ಪಾಠ ಮಾಡಿದ ಕಿವಿ ಇದು. ಎಲ್ಲಿ ತಡೆದು ನಿಂತೆ ಅಂತ ತಿಳಿಯುತ್ತದೆ. ಅಮ್ಮನಿಗೆ ಹೇಳು, ಶೇಂಗಾ ಚಟ್ನಿಪುಡಿ ಗುರುವಾರವೇ ಪಾರ್ಸೆಲ್ ಮಾಡಿದ್ದೇನೆ.

ನಿನ್ನ
ದೊಡ್ಡಮ್ಮ